ಅತ್ತೆ, ಮಕ್ಕಳು, ಕ್ಯಾಂಪರ್ ವ್ಯಾನ್ ಮತ್ತು ಎನ್‌ಎಚ್ 66

ನಮ್ಮ ಕರಾವಳಿಯಲ್ಲಿ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಂಚ, ಒಲೆ, ಬಚ್ಚಲು ಇರುವ ಗಾಡಿ, ಬೇಕಾಗುವುದು ಮಲಗುವುದಕ್ಕಿಂತ ಹೆಚ್ಚಾಗಿ ಬಚ್ಚಲಿಗೆ. ಮಲಗಲು ಊರೂರಿಗೆ ಲಾಡ್ಜ್ ಉಂಟು, ಯಾತ್ರಿ ನಿವಾಸ ಉಂಟು, ಅದಕ್ಕಿಂತ ಜಾಸ್ತಿ ನೆಂಟರ ಮನೆ ಉಂಟು. ಆದರೆ ಮೊಣಕಾಲು ನೋವಿರುವ, ಎಪ್ಪತ್ತು ದಾಟಿದ ಅತ್ತೆಯನ್ನು ಕೂರಿಸಿಕೊಂಡು ಉಡುಪಿಯಿಂದ ಹೊನ್ನಾವರದ ತನಕ ಎನ್‌ಎಚ್ 66 ಹೆದ್ದಾರಿಯಲ್ಲಿ ಹೋಗಿ ನೋಡಿ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ, ಎಲ್ಲಿ ನಿಲ್ಲಿಸುವುದು? ಕಾರಿನಲ್ಲಿ ಹೋಗುವುದಾದರೆ ನಮ್ಮತ್ತೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಿದ್ದರು. ಕಮೋಡ್ ಗಾಡಿಯೊಳಗೇ ಇದೆ ಎಂದು ಗೊತ್ತಾದ ಮೇಲೆ ಸಾಸ್ತಾನ ದಾಟುವ ಮೊದಲೇ ಎಳನೀರು ಕೇಳಿದರು.

ನಾನು ಉಡುಪಿಯಲ್ಲಿ ಹೈಸ್ಕೂಲಿನ ಲೆಕ್ಕದ ಟೀಚರ್. ಗಾಡಿ ಓಡಿಸುವುದು ನಮ್ಮವರು. ಹಿಂದೆ ಅತ್ತೆ, ಮಗಳು, ಮಗ. ರಜೆ ಬಂತೆಂದರೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳುತ್ತಾರೆ, "ಆ ವ್ಯಾನ್ ವಿಷಯ ಸ್ವಲ್ಪ ಹೇಳಿ ಟೀಚರ್" ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಗಾಡಿ ಹಿಡಿಯುವ ಮೊದಲು

ಬಾಡಿಗೆಗೆ ಸಿಗುವ ಹೆಚ್ಚಿನ ವ್ಯಾನ್‌ಗಳು ಟೆಂಪೊ ಟ್ರಾವೆಲರ್, ಅಂದರೆ ನಾವು ಟಿಟಿ ಅನ್ನುತ್ತೇವಲ್ಲ, ಅಂಥದ್ದರ ಮೇಲೆ ಕಟ್ಟಿದವು. ಮಾಲೀಕರು ಹೆಚ್ಚಾಗಿ ಬೆಂಗಳೂರಿನವರು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ., ನಡುವೆ ಶಿರಾಡಿ ಘಾಟಿ. ಗಾಡಿ ತರಲೆಂದು ಮನೆಮಂದಿಯೆಲ್ಲ ಬೆಂಗಳೂರಿಗೆ ಹೋಗುವುದು ಸುಮ್ನೆ ದಂಡ. ಸ್ವಲ್ಪ ಹಣ ಜಾಸ್ತಿ ಆದರೂ ಮನೆ ಬಾಗಿಲಿಗೇ ತಂದು ಕೊಡಲು ಹೇಳಿ. ಮೊದಲ ದಿನವೇ ಘಾಟಿ ಇಳಿದು ಮಕ್ಕಳು ವಾಂತಿ ಮಾಡಿಕೊಂಡರೆ ಉಳಿದ ದಿನಗಳ ಉತ್ಸಾಹ ಅಲ್ಲಿಗೇ ಮುಗಿಯಿತು.

ನೀವೇ ಓಡಿಸಲು ಕೊಡುವ ಬಾಡಿಗೆ ಗಾಡಿಗೆ ಕಪ್ಪು ನಂಬರ್ ಪ್ಲೇಟಿನಲ್ಲಿ ಹಳದಿ ಅಕ್ಷರ ಇರುತ್ತದೆ. ಡ್ರೈವರ್ ಸಮೇತ ಬರುವುದಕ್ಕೆ ಹಳದಿ ಪ್ಲೇಟಿನಲ್ಲಿ ಕಪ್ಪು ಅಕ್ಷರ. ಬಿಳಿ ಬೋರ್ಡಿನ ಗಾಡಿಯನ್ನು ಯಾರಾದರೂ ಕಡಿಮೆಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಆರ್‌ಸಿ ತೆಗೆದು ನೋಡಿ, ಅದರಲ್ಲಿ ಕ್ಯಾಂಪರ್ ವ್ಯಾನ್ ಅಥವಾ ಮೋಟಾರ್ ಕ್ಯಾರವಾನ್ ಎಂದೇ ಇರಬೇಕು. ಹದಿನೇಳು ಸೀಟಿನ ಬಸ್ಸೆಂದು ಬರೆದಿದ್ದು ಒಳಗೆ ಮಂಚ, ಒಲೆ ಕೂರಿಸಿದ್ದರೆ ಅಪಘಾತವಾದ ದಿನ ವಿಮೆಯವರು ಕೇಳುವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಲೈಸನ್ಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಗೆ ಕಾರು ಓಡಿಸುವ ಎಲ್‌ಎಂವಿ ಲೈಸನ್ಸೇ ಸಾಕು. ಬಾಡಿಗೆ ಬೋರ್ಡಿನ ಗಾಡಿಗೂ ಅದು ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಟಿಟಿ ಮೇಲೆ ಕಟ್ಟಿದ ವ್ಯಾನ್ ಈ ತೂಕದ ಒಳಗೇ ಬರುತ್ತದೆ. ತಲಪಾಡಿ ದಾಟಿ ಕೇರಳಕ್ಕೋ, ಕಾರವಾರ ದಾಟಿ ಗೋವಾಕ್ಕೋ ಹೋಗುವ ಆಲೋಚನೆ ಇದ್ದರೆ ಪರ್ಮಿಟ್ ವಿಷಯ ಮೊದಲೇ ಕೇಳಿಕೊಳ್ಳಿ. ಫಾಸ್ಟ್‌ಟ್ಯಾಗ್ ಯಾವ ವರ್ಗದ್ದು ಅಂತಲೂ ಕೇಳಿ. ಕಾರಿನ ದರ ಎಂದುಕೊಂಡು ಹೊರಟರೆ ಹೆಜಮಾಡಿ, ಸಾಸ್ತಾನ, ಬೈಂದೂರಿನ ಶಿರೂರು, ಮೂರೂ ಕಡೆ ಮಿನಿ ಬಸ್ಸಿನ ದರ ಹೋಗಿರುತ್ತದೆ.

ಡ್ರೈವರ್ ಬರುವುದಾದರೆ ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದನ್ನು ಮೊದಲೇ ತೀರ್ಮಾನ ಮಾಡಿ. ಡ್ರೈವಿಂಗ್ ಸೀಟಿನಲ್ಲಿ ಮುದುಡಿ ಮಲಗಿದವರು ಬೆಳಿಗ್ಗೆ ನಮ್ಮ ಐದು ಜೀವಗಳನ್ನು ಹೇಗೆ ಓಡಿಸುವುದು? ಹತ್ತಿರದ ಲಾಡ್ಜಿನ ಒಂದು ರೂಮಿನ ಖರ್ಚು ಇದಕ್ಕೆ ತೆಗೆದಿಡಿ.

ಗಾಡಿ ಕೈಗೆ ಬಂದ ಕೂಡಲೇ ಹೊರಡಬೇಡಿ. ಅರ್ಧ ಗಂಟೆ ಎಲ್ಲವನ್ನೂ ಹಾಕಿ ನೋಡಿ. ನೀರಿನ ಪಂಪ್, ಫ್ರಿಜ್, ಫ್ಯಾನ್, ಚಾವಣಿಯ ಕಿಟಕಿ, ಸ್ಟೆಪ್ನಿ, ಜಾಕ್. ಒಮ್ಮೆ ನಮಗೆ ಬಂದ ಗಾಡಿಯ ಚಾವಣಿ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. "ಹಾಗೇ ಇರುವುದು ಮೇಡಂ, ಗಾಳಿ ಬರಲಿಕ್ಕೆ" ಅಂದರು ತಂದವರು. ಅವರ ಎದುರೇ ಒಂದು ಬಕೆಟ್ ನೀರು ಮೇಲಿನಿಂದ ಹೊಯ್ದೆ. ಮೆಕ್ಯಾನಿಕ್ ಬಂದ. ಹೊರಗೆ ಒಳಗೆ ಎಲ್ಲ ಗೀರು, ಕಲೆ ಕಾಣುವಂತೆ ವಿಡಿಯೋ ಮಾಡಿಟ್ಟುಕೊಳ್ಳಿ.

ವಯಸ್ಸಾದವರಿದ್ದರೆ ಅವರನ್ನೇ ಹತ್ತಿಸಿ ಇಳಿಸಿ ನೋಡಿ. ವ್ಯಾನಿನ ಮೆಟ್ಟಿಲು ಎತ್ತರ. ನಾವು ಮನೆಯಲ್ಲಿರುವ ಅಗಲದ ಮಣೆಯೊಂದನ್ನು ಕಾಲಿನ ಕೆಳಗೆ ಇಡಲು ಒಯ್ಯುತ್ತೇವೆ. ಒಂದು ಕೈ ಹಿಡಿಯಲು ಬಾಗಿಲ ಪಕ್ಕ ಗಟ್ಟಿ ಹಿಡಿ ಇರಲೇಬೇಕು. ಕೆಳಗಿನ ಹಾಸಿಗೆ ಅವರಿಗೆ, ಅದೂ ಬಚ್ಚಲಿನ ಹತ್ತಿರದ್ದು. ರಾತ್ರಿಗೆ ಒಂದು ಸಣ್ಣ ದೀಪ.

ದಿನಕ್ಕೆ ನೂರು ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಬೇಡ

ಉಡುಪಿಯಿಂದ ಮುರ್ಡೇಶ್ವರಕ್ಕೆ ಸುಮಾರು ನೂರು ಕಿಲೋಮೀಟರ್. ಕಾರಿನಲ್ಲಾದರೆ ಎರಡು ಗಂಟೆಯ ಮಾತು. ವ್ಯಾನಿನಲ್ಲಿ ಅದೇ ಒಂದು ದಿನದ ದಾರಿ, ಹಾಗೆ ಇಟ್ಟುಕೊಂಡರೇ ಚಂದ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ. ಕುಂದಾಪುರ ದಾಟಿ ಮರವಂತೆ. ಒಂದು ಬದಿ ಸಮುದ್ರ, ಒಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಅಲ್ಲಿ ಎಲ್ಲರೂ ಹೆದ್ದಾರಿಯ ಅಂಚಿನಲ್ಲೇ ನಿಲ್ಲಿಸುತ್ತಾರೆ, ನೀವು ನಿಲ್ಲಿಸಬೇಡಿ. ನಿಮ್ಮ ಗಾಡಿ ಉದ್ದ, ಬಾಗಿಲು ತೆರೆದರೆ ಮಕ್ಕಳು ನೇರ ರಸ್ತೆಗೆ ಇಳಿಯುತ್ತಾರೆ. ಹೆದ್ದಾರಿ ಬಿಟ್ಟು ಒಳಗೆ ಜಾಗ ಸಿಕ್ಕಿದಲ್ಲಿ ಮಾತ್ರ ನಿಲ್ಲಿಸಿ. ಬೈಂದೂರಿನ ಒತ್ತಿನೆಣೆಯಲ್ಲಿ ಒಂದು ಗಂಟೆ, ಸಂಜೆಗೆ ಮುರ್ಡೇಶ್ವರ. ಮರುದಿನ ಹೊನ್ನಾವರದಲ್ಲಿ ಶರಾವತಿ, ಅಲ್ಲಿನ ಕಾಂಡ್ಲಾ ಕಾಡಿನ ಮರದ ಹಾದಿ, ಕಾಸರಕೋಡಿನ ಬೀಚ್. ಅಷ್ಟೇ. ಗೋಕರ್ಣವನ್ನೂ ಸೇರಿಸುವ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಸೇರಿಸಬೇಡಿ.

ದಕ್ಷಿಣಕ್ಕೆ ಹೊರಟರೆ ಕಾಪು ದೀಪಸ್ತಂಭ, ಪಡುಬಿದ್ರಿ, ಸಸಿಹಿತ್ಲು, ಆಮೇಲೆ ಒಳದಾರಿ ಹಿಡಿದು ಕಟೀಲು, ಮೂಡುಬಿದಿರೆ, ಕಾರ್ಕಳ. ಈ ಸುತ್ತು ಮಕ್ಕಳಿಗೆ ಒಳ್ಳೆಯದು. ಕಾರ್ಕಳದ 42 ಅಡಿಯ ಬಾಹುಬಲಿ 1432ರದ್ದು, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಹೆಚ್ಚುಕಮ್ಮಿ ಅದೇ ಕಾಲದ್ದು. ಅತ್ತೆಗೆ ಕಾರ್ಕಳದ ಬೆಟ್ಟ ಹತ್ತಲು ಆಗುವುದಿಲ್ಲ. ಅವರು ಕೆಳಗೆ ವ್ಯಾನಿನಲ್ಲಿ ಫ್ಯಾನ್ ಹಾಕಿಕೊಂಡು ಒಂದು ನಿದ್ದೆ ಮುಗಿಸುತ್ತಾರೆ. ಕಾರಾಗಿದ್ದರೆ ನಮ್ಮಲ್ಲಿ ಒಬ್ಬರು ಅವರ ಜೊತೆ ಬಿಸಿಲಲ್ಲಿ ಕೂರಬೇಕಿತ್ತು.

ಮಂಗಳೂರು ಪೇಟೆಯೊಳಗೆ ವ್ಯಾನ್ ತರಲೇ ಬೇಡಿ. ಸಂಜೆ ಹೊತ್ತು ನಂತೂರು, ಕೂಳೂರಿನ ಕಡೆ ಸಿಕ್ಕಿಬಿದ್ದರೆ ನಿಮ್ಮ ಕ್ಲಚ್ಚೂ ತಾಳ್ಮೆಯೂ ಒಟ್ಟಿಗೆ ಸವೆಯುತ್ತವೆ. ಐಸ್‌ಕ್ರೀಮ್ ತಿನ್ನಬೇಕಾದರೆ ಹೊರಗೆ ನಿಲ್ಲಿಸಿ ಆಟೋ ಹಿಡಿಯಿರಿ. ಉಡುಪಿಯಲ್ಲೂ ಅಷ್ಟೆ, ರಥಬೀದಿಯ ಕಡೆ ಮೂಗು ತೂರಿಸದೆ ರಾಜಾಂಗಣದ ಪಾರ್ಕಿಂಗ್‌ಗೆ ಹೋಗಿ. ಸಮ ವರ್ಷದ ಜನವರಿ 18 ಪರ್ಯಾಯದ ದಿನ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ ಹಬ್ಬ. ಅದರ ಆಸುಪಾಸಿನಲ್ಲಿ ಉಡುಪಿಗೆ ವ್ಯಾನ್ ತರುವ ಧೈರ್ಯ ಈ ಊರಿನವರಾದ ನಮಗೇ ಇಲ್ಲ.

ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳ ವಿಷಯ ಹೊರಗಿನವರಿಗೆ ಹೇಳಲೇಬೇಕು. ಹಿಂದಿನಿಂದ ಹಾರ್ನ್ ಕೇಳಿತೋ, ಎಡಕ್ಕೆ ಹೋಗಿ ದಾರಿ ಬಿಡಿ. ಅವರಿಗೆ ಟೈಮಿಂಗ್ ಉಂಟು, ನಿಮಗೆ ಇಲ್ಲ. ಕತ್ತಲಾದ ಮೇಲೆ ಓಡಿಸಬೇಡಿ. ಹೆದ್ದಾರಿಯಲ್ಲಿ ದನ ಮಲಗಿರುತ್ತವೆ, ರಾಂಗ್ ಸೈಡಿನಲ್ಲಿ ಲೈಟಿಲ್ಲದ ಬೈಕ್ ಬರುತ್ತದೆ.

ಘಾಟಿ ಹತ್ತಬೇಕೆಂದರೆ ಆಗುಂಬೆಯ ಆಸೆ ಮೊದಲು ಬರುತ್ತದೆ. 14 ಹೇರ್‌ಪಿನ್ ತಿರುವು. ಟಿಟಿ ಹತ್ತುತ್ತದೆ, ಆದರೆ ಹಿಂದಿನ ಚಕ್ರದಿಂದಾಚೆ ಬಾಡಿ ಉದ್ದಕ್ಕೆ ಚಾಚಿಕೊಂಡ ದೊಡ್ಡ ವ್ಯಾನಾದರೆ ತಿರುವಿನಲ್ಲಿ ಹಿಂಭಾಗ ನೆಲಕ್ಕೋ ತಡೆಗೋಡೆಗೋ ತಾಗುತ್ತದೆ. ಅಂಥ ಗಾಡಿಗೆ ಶಿರಾಡಿಯೇ ಸರಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿಯುವುದೇ ಬಿಡುತ್ತದೆ. ನೀರಿನ ಟ್ಯಾಂಕ್ ತುಂಬಿದ್ದರೆ ಅದೇ ನೂರು ಕೆ.ಜಿ., ಘಾಟಿಗೆ ಮೊದಲು ಅರ್ಧ ಖಾಲಿ ಮಾಡಿ. ಕುದುರೆಮುಖದ ಕಾಡಿನ ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲಿಸಿ ಚಹಾ ಕಾಯಿಸುವ ಆಲೋಚನೆ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಅದು ರಾಷ್ಟ್ರೀಯ ಉದ್ಯಾನ, ಅಲ್ಲಿ ಚೆಕ್‌ಪೋಸ್ಟಿನವರು ಹೇಳಿದ್ದೇ ಕಾನೂನು.

ಅಂಗಳ

ರಾತ್ರಿ ಎಲ್ಲಿ ನಿಲ್ಲುವುದು ಎಂದು ಹೊರಡುವ ಮೊದಲೇ ಗೊತ್ತುಮಾಡಿ. ಹೋಗುತ್ತಾ ನೋಡುವ ಅನ್ನುವುದು ಕಾರಿಗೆ ಸರಿ, ವ್ಯಾನಿಗೆ ಅಲ್ಲ. ಪಕ್ಕದ ಕೇರಳದಲ್ಲಿ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆಂದು ಸರಕಾರ ಯೋಜನೆ ತಂದು, ಗಾಡಿ ನಿಲ್ಲಿಸುವ ಪಾರ್ಕ್‌ಗಳ ಕೆಲಸಕ್ಕೂ ಇಳಿಯಿತು. ನಮ್ಮ ಕಡೆ ಪಾರ್ಕ್ ಹುಡುಕುತ್ತಾ ಹೋಗಬೇಡಿ. ನಮಗೆ ಇರುವುದು ಅಂಗಳ. ತಲಪಾಡಿಯಿಂದ ಕಾರವಾರದ ತನಕ ಹೆದ್ದಾರಿಯಿಂದ ಎರಡು ಮೂರು ಕಿಲೋಮೀಟರ್ ಒಳಗೆ ನೆಂಟರೋ, ನೆಂಟರ ನೆಂಟರೋ, ಜೊತೆಗೆ ಓದಿದವರೋ ಇಲ್ಲದ ಮನೆಯುಂಟಾ ನಮ್ಮಲ್ಲಿ? ಅಂಗಳವೆಂದರೆ ಮಟ್ಟದ ಜಾಗ, ಬಾವಿ ನೀರು, ಕರೆಂಟು, ರಾತ್ರಿ ಬೊಗಳಲು ನಾಯಿ. ಬೇರೆ ಏನು ಬೇಕು?

ಆದರೆ ಅಂಗಳಕ್ಕೆ ವ್ಯಾನ್ ಹೋಗುತ್ತದಾ ಎನ್ನುವುದೇ ಪ್ರಶ್ನೆ. "ಓ, ಲಾರಿಯೇ ಬರ್ತದೆ ಮಾರಾಯ್ರೆ" ಎಂದು ಎಲ್ಲರೂ ಹೇಳುತ್ತಾರೆ. ನಂಬಬೇಡಿ. ಲಾರಿ ಬಂದದ್ದು ಮನೆ ಕಟ್ಟುವಾಗ. ಆಮೇಲೆ ಗೇಟು ಬಂತು, ಶೀಟಿನ ಚಪ್ಪರ ಬಂತು, ಹಲಸಿನ ಕೊಂಬೆ ಬೆಳೆಯಿತು. ನಾನು ಮಾಡುವುದು ಹೀಗೆ. ವ್ಯಾನಿನ ಎತ್ತರ, ಚಾವಣಿಯ ಎಸಿ ಸೇರಿ ಎಷ್ಟು ಅಂತ ಬರೆದಿಟ್ಟುಕೊಳ್ಳುತ್ತೇನೆ. ಅದಕ್ಕೆ ಒಂದು ಅಡಿ ಸೇರಿಸಿ ಆ ಮನೆಯವರಿಗೆ ಫೋನಿನಲ್ಲಿ ಹೇಳುತ್ತೇನೆ. ಅವರು ಅಷ್ಟೇ ಉದ್ದದ ಒಣ ಬಿದಿರಿನ ಕೋಲು ಕಡಿದು, ನೆಟ್ಟಗೆ ಹಿಡಿದುಕೊಂಡು ರಸ್ತೆಯಿಂದ ಅಂಗಳದ ತನಕ ನಡೆಯಬೇಕು. ಕೋಲು ತಾಗಿದಲ್ಲಿ ವ್ಯಾನೂ ತಾಗುತ್ತದೆ. ಕಂಬದಿಂದ ಮನೆಗೆ ಬರುವ ಕರೆಂಟಿನ ಸರ್ವಿಸ್ ವೈರಿನ ಹತ್ತಿರ ಮಾತ್ರ ಕೋಲು ಒಯ್ಯುವುದು ಬೇಡ, ಅಲ್ಲಿ ದೂರ ನಿಂತು ಕಣ್ಣಳತೆ. ಅಲ್ಯೂಮಿನಿಯಂ ದೋಟಿಯಂತೂ ಬೇಡವೇ ಬೇಡ. ಈ ಕೋಲಿನ ಪರೀಕ್ಷೆ ಮಾಡಿಸಲು ಮಕ್ಕಳಿರುವ ಮನೆ ಒಳ್ಳೆಯದು. ದೊಡ್ಡವರು ಅರ್ಧಕ್ಕೇ ನಿಂತು "ಸಾಕು, ಬರ್ತದೆ" ಅನ್ನುತ್ತಾರೆ.

ಎರಡನೆಯದು, ತೋಡು ದಾಟುವ ಸಂಕ. ಕೆಂಪುಕಲ್ಲಿನ ಗೋಡೆಯ ಮೇಲೆ ಚಪ್ಪಡಿ ಹಾಸಿದ ಹಳೆಯ ಮೋರಿ ಆಟೋ ತಡೆಯುತ್ತದೆ, ಕಾರು ತಡೆಯುತ್ತದೆ. ಸಾಮಾನು, ನೀರು, ಜನ ತುಂಬಿದ ವ್ಯಾನಿನ ತೂಕ ಮೂರೂವರೆ ನಾಲ್ಕು ಟನ್. ಅನುಮಾನ ಬಂದರೆ ಆಚೆ ಬದಿಯಲ್ಲೇ ನಿಲ್ಲಿಸಿ ನಡೆದು ಹೋಗಿ.

ಮೂರನೆಯದನ್ನು ತೋಟದವರು ತಾವಾಗಿ ಹೇಳುವುದಿಲ್ಲ. ಡಿಸೆಂಬರಿನಿಂದ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ನೀವು ಬರುತ್ತೀರೆಂದು ಅವರು ಅಷ್ಟೂ ಅಡಿಕೆ ಬಾಚಿ ರಾಶಿ ಹಾಕಿ ಜಾಗ ಮಾಡಿಕೊಡುತ್ತಾರೆ, ಬಾಯಲ್ಲಿ "ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಆದ್ದರಿಂದ ನೀವೇ ಕೇಳಿ. ಅಡಿಕೆ ಹಾಕಿದ್ದರೆ ಬೇರೆ ಮನೆ ನೋಡಿ, ಅಥವಾ ಕೊಟ್ಟಿಗೆಯ ಬದಿ ಸಾಕು ಅನ್ನಿ. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಆದರೂ ಸೋಲಾರ್ ಪ್ಯಾನಲ್ ಒಡೆದುಕೊಂಡ ಕರಾವಳಿಯವರನ್ನೇ ನೋಡಿದ್ದೇನೆ.

ನಿಲ್ಲಿಸಿದ ಮೇಲೆ ಮಟ್ಟ ನೋಡಿ. ಮೊಬೈಲಿನಲ್ಲೇ ಮಟ್ಟ ನೋಡುವ ಆಪ್ ಇರುತ್ತದೆ, ಮಂಚದ ಮೇಲಿಟ್ಟರೆ ಆಯಿತು. ತಗ್ಗಿನ ಬದಿಯ ಚಕ್ರದ ಕೆಳಗೆ ಹಲಗೆ ಕೊಟ್ಟು ಹತ್ತಿಸಿ. ಎರಡು ಚಕ್ರಕ್ಕೆ ಕೆಂಪುಕಲ್ಲು ಅಡ್ಡ ಇಡಿ, ಅದು ಪ್ರತಿ ಮನೆಯ ಹಿತ್ತಲಿನಲ್ಲೂ ಇರುತ್ತದೆ. ತಲೆ ತಗ್ಗಾಗಿ ಮಲಗಿದರೆ ಬೆಳಿಗ್ಗೆ ಏಳುವಾಗ ತಲೆನೋವು ಗ್ಯಾರಂಟಿ.

ಇನ್ನು ಮನೆಯವರ ಬೇಸರ. "ಇಷ್ಟು ದೊಡ್ಡ ಮನೆ ಇಟ್ಟುಕೊಂಡು ನೀವು ಗಾಡಿಯಲ್ಲಿ ಮಲಗುವುದಾ?" ಈ ಮಾತು ಬಂದೇ ಬರುತ್ತದೆ, ಅದರಲ್ಲಿ ನಿಜವಾದ ನೋವೂ ಇರುತ್ತದೆ. ಒಳಗೆ ಕರೆಯುವುದನ್ನು ಪೂರ್ತಿ ಬೇಡ ಅನ್ನಬೇಡಿ. ರಾತ್ರಿ ಊಟ ಅವರ ಮನೆಯಲ್ಲಿ, ಬೆಳಗಿನ ಚಹಾ ನಮ್ಮ ವ್ಯಾನಿನಲ್ಲಿ ಅವರಿಗೆ. ಅತ್ತೆಗೆ ವ್ಯಾನಿನ ಕಮೋಡ್ ಬೇಕು ಎಂದರೆ ಯಾರೂ ಮುಂದೆ ಮಾತಾಡುವುದಿಲ್ಲ, ಅದು ಅತ್ಯಂತ ಗಟ್ಟಿ ಕಾರಣ. ಅಕ್ಕಪಕ್ಕದವರು ಗಾಡಿ ನೋಡಲು ಬರುತ್ತಾರೆ. ಬರಲಿ. ಅವರ ಮಕ್ಕಳು ಮೇಲಿನ ಮಂಚ ಹತ್ತಿ ಇಳಿಯಲಿ. ಅದಕ್ಕೆಂದು ಸಂಜೆಯಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅಡುಗೆಯ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ನೆಂಟರ ಮನೆ ಇಲ್ಲದ ಕಡೆ ದೇವಸ್ಥಾನದ ಪಾರ್ಕಿಂಗ್, ದೊಡ್ಡ ಪೆಟ್ರೋಲ್ ಬಂಕ್, ಹೋಂಸ್ಟೇ, ಈ ಕ್ರಮದಲ್ಲಿ ನೋಡಿ. ಎಲ್ಲಿಯೇ ಆದರೂ ಆಫೀಸಿನಲ್ಲಿ ಕೇಳಿಯೇ ನಿಲ್ಲಿಸಿ. ಬೀಚಿನಲ್ಲಿ ರಾತ್ರಿ ಬೇಡ. ಪಡುಬಿದ್ರಿ, ಕಾಸರಕೋಡು ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಬಂದಿದೆ. ಅನುಮತಿ ಇಲ್ಲದೆ ಡೇರೆ ಹಾಕುವುದು, ಗಾಡಿ ಇಳಿಸುವುದು ಅಲ್ಲಿ ಕೂಡದು, ಮಾನ್ಯತೆಯ ಷರತ್ತೇ ಅದು.

ಒಂದು ರಾತ್ರಿಯನ್ನು ಮಾತ್ರ ಬೇರೆ ರೀತಿ ಕಳೆಯಿರಿ. ನವೆಂಬರಿನಿಂದ ಮೇ ತನಕ ಎಲ್ಲಾದರೂ ಯಕ್ಷಗಾನ ಬಯಲಾಟ ಇದ್ದೇ ಇರುತ್ತದೆ. ಆಟದ ಗದ್ದೆಯ ಹತ್ತಿರದ ಮನೆಯವರನ್ನು ಕೇಳಿ ಜಾಗ ಮಾಡಿಕೊಳ್ಳಿ. ವೇಷ ಕಟ್ಟುವ ಚೌಕಿಯಿಂದ ದೂರ, ಜನರೇಟರಿನಿಂದ ಇನ್ನೂ ದೂರ. ಮಕ್ಕಳು ಒಡ್ಡೋಲಗ ನೋಡಿ ಬಂದು ವ್ಯಾನಿನಲ್ಲಿ ಮಲಗುತ್ತಾರೆ. ಅತ್ತೆ ಬೇಕಾದಾಗ ಬಂದು ಕಾಲು ಚಾಚಿ, ಮಹಿಷಾಸುರ ಬರುವ ಹೊತ್ತಿಗೆ ಚೆಂಡೆ ಕೇಳಿ ಎದ್ದು ಹೋಗುತ್ತಾರೆ. ಕ್ಯಾಂಪರ್ ವ್ಯಾನಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಂಡಿಲ್ಲ.

ಕರೆಂಟಿನ ಲೆಕ್ಕ

ಇದು ನನ್ನ ಪಾಠ, ಸ್ವಲ್ಪ ಸಹಿಸಿಕೊಳ್ಳಿ. ವ್ಯಾನಿನ ಬ್ಯಾಟರಿ 12 ವೋಲ್ಟ್, 200 ಆಂಪಿಯರ್ ಅವರ್ ಎಂದಿಟ್ಟುಕೊಳ್ಳಿ. ಗುಣಿಸಿದರೆ 2,400 ವಾಟ್ ಅವರ್. ಲಿಥಿಯಂ ಆದರೆ ಅದರಲ್ಲಿ 80 ಶೇಕಡ, ಅಂದರೆ 1,900ರಷ್ಟು ಬಳಸಬಹುದು. ಹಳೆಯ ಲೆಡ್ ಆಸಿಡ್ ಆದರೆ ಅರ್ಧ ಮಾತ್ರ, ಅದಕ್ಕಿಂತ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. 30 ವಾಟಿನ ಎರಡು ಫ್ಯಾನ್ ರಾತ್ರಿ ಒಂಬತ್ತು ಗಂಟೆ ತಿರುಗಿದರೆ 540. ಸಣ್ಣ ಫ್ರಿಜ್ಜಿಗೆ ದಿನಕ್ಕೆ 500ರಿಂದ 600. ದೀಪ, ಮೊಬೈಲು, ಪಂಪಿಗೆ ಇನ್ನೊಂದು 200. ಒಟ್ಟು 1,350 ದಾಟುವುದಿಲ್ಲ. ಚಟ್ನಿಗೆ ಮಿಕ್ಸಿ ಐದು ನಿಮಿಷ ತಿರುಗಿದರೆ 60, ಇನ್ವರ್ಟರ್ 1,000 ವಾಟಿನದ್ದಾದರೆ ಅದೂ ಆಯಿತು. ಲಿಥಿಯಂ ಬ್ಯಾಟರಿಯಾದರೆ ಇಲ್ಲಿಯ ತನಕ ಎಲ್ಲ ಸುಖ.

ಈಗ ಎಸಿ ಹಾಕಿ. ಒಂದು ಟನ್ನಿನ ಎಸಿ ಗಂಟೆಗೆ 1,000ದ ಮೇಲೆ ಎಳೆಯುತ್ತದೆ. ಎರಡು ಗಂಟೆಯೊಳಗೆ ಬ್ಯಾಟರಿ ಖಾಲಿ, ಫ್ರಿಜ್ಜೂ ಇಲ್ಲ, ಫ್ಯಾನೂ ಇಲ್ಲ. ಇಂಡಕ್ಷನ್ ಒಲೆ ಹದಿನೈದು ನಿಮಿಷಕ್ಕೇ 500 ನುಂಗುತ್ತದೆ. ಹಾಗಾಗಿ ನಿಯಮ ಸುಲಭ: ಎಸಿ, ಇಂಡಕ್ಷನ್ ಅಂಗಳದಲ್ಲಿ ಪ್ಲಗ್ ಹಾಕಿದಾಗ ಮಾತ್ರ, ಅದೂ ಒಂದಾದ ಮೇಲೆ ಒಂದು. ನವೆಂಬರಿನಿಂದ ಫೆಬ್ರವರಿ ತನಕ ಫ್ಯಾನಿನಲ್ಲೇ ನಿದ್ದೆ ಬರುತ್ತದೆ. ಏಪ್ರಿಲ್, ಮೇಯಲ್ಲಿ ಬರುವುದಿಲ್ಲ. ಮನೆಯಲ್ಲೇ ಬರುವುದಿಲ್ಲ, ತಗಡಿನ ಗಾಡಿಯಲ್ಲಿ ಬಂದೀತಾ?

ಪ್ಲಗ್ ಹಾಕುವುದು 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ. ಅದು ಹೆಚ್ಚಾಗಿ ಪಂಪ್ ಶೆಡ್ಡಿನಲ್ಲೋ ವಾಷಿಂಗ್ ಮೆಷಿನ್ ಹತ್ತಿರವೋ ಇರುತ್ತದೆ. ಆದ್ದರಿಂದ ಉದ್ದದ ವೈರ್ ಬೇಕು. 2.5 ಚದರ ಮಿಲಿಮೀಟರಿನ ತಾಮ್ರದ ಮೂರೆಳೆ ಕೇಬಲ್ ತನ್ನಿ. ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟೇ ಎಸಿ ಓಡಿಸಿದರೆ ಒಳಗೆ ಕಾದು ಕರಗುತ್ತದೆ. ಹಳೆಯ ಮನೆಯಾದರೆ ಅರ್ಥಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಬರಿಗಾಲಲ್ಲಿ ಒದ್ದೆ ಅಂಗಳದಲ್ಲಿ ನಿಂತು ವ್ಯಾನ್ ಮುಟ್ಟುವವರು ಮಕ್ಕಳು, ಅದನ್ನು ನೆನಪಿಡಿ.

ನೀರು, ಬಚ್ಚಲು

ಕೈಕಾಲು, ಪಾತ್ರೆ, ಬಚ್ಚಲು ಎಂದು ತಲೆಗೆ ದಿನಕ್ಕೆ 15ರಿಂದ 20 ಲೀಟರ್ ಹಿಡಿಯಿರಿ. ಐದು ಜನಕ್ಕೆ ನೂರು ಲೀಟರ್ ಒಂದು ದಿನ. ಸ್ನಾನ ಇದರಲ್ಲಿ ಸೇರಿಲ್ಲ, ಸ್ನಾನ ಅಂಗಳದ ಮನೆಯಲ್ಲಿ, ಹಂಡೆಯ ಬಿಸಿನೀರಿನಲ್ಲಿ. ಬಾವಿ ನೀರು ತುಂಬುವಾಗ ಪೈಪಿನ ಬಾಯಿಗೆ ಬಿಳಿ ಪಂಚೆಯ ತುಂಡು ಕಟ್ಟಿ. ಮರಳಿನ ಕಣ ಹೋದರೆ ಪಂಪ್ ಹೋಯಿತು. ಕಡಲ ಬದಿಯ ಮನೆಯಾದರೆ ಬೇಸಿಗೆಯಲ್ಲಿ ನೀರು ಉಪ್ಪಾಗಿರುತ್ತದೆ, ಬಾಯಿಗೆ ಹಾಕಿ ನೋಡಿ ಆಮೇಲೆ ತುಂಬಿ. ಕುಡಿಯಲು 20 ಲೀಟರಿನ ಕ್ಯಾನ್ ಬೇರೆ.

ವ್ಯಾನಿನ ಕಮೋಡ್ ಕೆಳಗೆ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ ಇರುತ್ತದೆ, ಕ್ಯಾಸೆಟ್ ಎನ್ನುತ್ತಾರೆ. ಹಿಡಿಯುವುದು 20 ಲೀಟರಿನ ಒಳಗೆ. ವಿದೇಶದಲ್ಲಿ ಇದು ಕಾಗದ ಬಳಸುವವರಿಗೆಂದು ಮಾಡಿದ್ದು. ನಮ್ಮ ಜೆಟ್ ಸ್ಪ್ರೇ ಹಾಕಿದರೆ ಒಂದು ಹಗಲಿಗೇ ತುಂಬುತ್ತದೆ. ಸ್ಪ್ರೇಯ ನಲ್ಲಿ ಬಂದ್ ಮಾಡಿ, ಅರ್ಧ ಲೀಟರಿನ ಚೊಂಬು ಇಡಿ. ಹಗಲಲ್ಲಿ ಅತ್ತೆಗೆ ಮಾತ್ರ, ರಾತ್ರಿ ಎಲ್ಲರಿಗೂ. ಉಳಿದವರು ಹಗಲಲ್ಲಿ ಹೋಟೆಲಿನದ್ದು, ಬಂಕಿನದ್ದು ಬಳಸಲಿ. ಹೀಗೆ ಮಾಡಿದರೆ ಎರಡು ದಿನ ಬರುತ್ತದೆ.

ಖಾಲಿ ಮಾಡುವ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಬೆಳಿಗ್ಗೆ ಬೇಗ, ಮನೆಯವರನ್ನು ಕೇಳಿ, ಹೊರಗಿನ ಕಕ್ಕಸಿಗೆ ಒಯ್ಯಿರಿ. ಕೈಗೆ ಉದ್ದದ ರಬ್ಬರ್ ಗ್ಲೌಸ್. ಮೂತಿಯನ್ನು ಹೊರಕ್ಕೆ ತಿರುಗಿಸಿ, ಮುಚ್ಚಳ ಬಿಚ್ಚಿ. ಮೂತಿ ಕೆಳಗೆ ಬಗ್ಗಿದ ಮೇಲೆ ಮಾತ್ರ ಹಿಡಿಯ ಹತ್ತಿರದ ಗಾಳಿಯ ಗುಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಗಾಳಿ ಒಳಗೆ ಹೋದರೆ ಗುಳುಗುಳು ಎನ್ನದೆ, ಸಿಡಿಯದೆ, ಒಂದೇ ಧಾರೆಯಾಗಿ ಇಳಿಯುತ್ತದೆ. ಎರಡು ಲೀಟರ್ ನೀರು ಹಾಕಿ ಮುಚ್ಚಿ, ಅಲುಗಾಡಿಸಿ, ಮತ್ತೆ ಸುರಿಯಿರಿ. ಕೊನೆಗೆ ಸ್ವಲ್ಪ ನೀರು ಮತ್ತು ದ್ರಾವಣ ಹಾಕಿ ಮುಚ್ಚಿ. ದ್ರಾವಣ ಎಂಜೈಮಿನದ್ದೇ ಇರಲಿ. ಫಾರ್ಮಾಲ್ಡಿಹೈಡ್ ಇರುವುದನ್ನು ಹಾಕಿದರೆ ಆ ಮನೆಯ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯುತ್ತವೆ, ಮುಂದಿನ ಸಲ ನಿಮಗೆ ಅಂಗಳ ಸಿಗುವುದಿಲ್ಲ. ತೋಡಿಗೆ, ಹೊಳೆಗೆ, ರಸ್ತೆ ಬದಿಗೆ ಸುರಿಯುವವರ ಬಗ್ಗೆ ಬರೆಯಲು ನನಗೆ ಒಳ್ಳೆಯ ಶಬ್ದ ಇಲ್ಲ. ಪಾತ್ರೆ ತೊಳೆದ ನೀರಿನ ಟ್ಯಾಂಕ್ ಬೇರೆ, ಅದನ್ನು ಕೇಳಿ ತೆಂಗಿನ ಬುಡಕ್ಕೆ ಬಿಡಬಹುದು.

ಅಡುಗೆ

ಕುಚ್ಚಿಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು, ಅಷ್ಟು ಹೊತ್ತು ಒಲೆ ಉರಿದರೆ ವ್ಯಾನಿನ ಒಳಗೆ ಕೂರಲು ಆಗುವುದಿಲ್ಲ. ಬೇಗ ಬೇಯುವ ಬೆಳ್ತಿಗೆ ಅಕ್ಕಿ ಒಯ್ಯಿರಿ. ಗಂಜಿ ಇಲ್ಲದಿದ್ದರೆ ಆಗದು ಎನ್ನುವ ಅತ್ತೆ ಇದ್ದರೆ ಥರ್ಮಲ್ ಕುಕ್ಕರ್ ತನ್ನಿ. ಬೆಳಿಗ್ಗೆ ಕಾಲು ಗಂಟೆ ಕುದಿಸಿ ಅದರೊಳಗೆ ಇಟ್ಟು ಹೊರಟರೆ ಮಧ್ಯಾಹ್ನಕ್ಕೆ ದಾರಿಯಲ್ಲೇ ಬೆಂದಿರುತ್ತದೆ. ಕೋರಿ ರೊಟ್ಟಿಯ ಪ್ಯಾಕೆಟ್, ಅವಲಕ್ಕಿ, ಮನೆಯಲ್ಲೇ ಹುರಿದು ರುಬ್ಬಿ ಫ್ರಿಜ್ಜಿನಲ್ಲಿಟ್ಟ ಮಸಾಲೆ, ಇಷ್ಟಿದ್ದರೆ ರಾತ್ರಿಗಳು ಕಳೆಯುತ್ತವೆ. ಮಧ್ಯಾಹ್ನದ ಊಟಕ್ಕೆ ಕೃಷ್ಣ ಮಠವೋ, ಕಟೀಲೋ, ಕೊಲ್ಲೂರೋ ಇದ್ದೇ ಇದೆ. ಗೋಳಿಬಜೆ ಹೋಟೆಲಿನಲ್ಲೇ ತಿನ್ನಿ, ವ್ಯಾನಿನಲ್ಲಿ ಎಣ್ಣೆ ಬಾಣಲೆ ಇಡಬೇಡಿ. ಬಂಗುಡೆ ಹುರಿಯುವುದಾದರೆ ಹೊರಗೆ, ಗಾಳಿಗೆ ಬೆನ್ನು ಮಾಡಿ. ಒಳಗೆ ಹುರಿದರೆ ಆ ವಾಸನೆ ಹಾಸಿಗೆ ಸೇರಿ, ಗಾಡಿ ಬೆಂಗಳೂರು ಮುಟ್ಟಿದರೂ ಬಿಡುವುದಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ತಾಜಾ ಮೀನಿನ ಆಸೆ ಬೇಡ.

ಗ್ಯಾಸ್ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಸಾಕು. ಮನೆಯ ಕೆಂಪು ಸಿಲಿಂಡರ್ ಗಾಡಿಗೆ ಹತ್ತಿಸಬೇಡಿ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಅಲಾರಂ ಇದ್ದರೆ ಅದು ನೆಲದ ಹತ್ತಿರ ಇರಬೇಕು. ಗಾಡಿ ಹೊರಡುವ ಮೊದಲು ವಾಲ್ವ್ ಮುಚ್ಚಿ. ಒಲೆಯನ್ನು ಚಳಿ ಕಾಯಿಸಲು ಉರಿಸಿ ಮಲಗಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

ಓಡುವಾಗ ಎಲ್ಲರೂ ಸೀಟಿನಲ್ಲಿ, ಬೆಲ್ಟ್ ಹಾಕಿ. ಮಂಚದಲ್ಲಿ ಮಲಗಿ ಹೋಗುವುದು ಮಕ್ಕಳಿಗೆ ಬಹಳ ಇಷ್ಟ, ಒಪ್ಪಬೇಡಿ. ಒಂದು ಬ್ರೇಕಿಗೆ ಮಗು ಮುಂದಿನ ಗಾಜಿನ ತನಕ ಬರುತ್ತದೆ. ವಾಂತಿ ಬರುವವರು ಮುಂದಕ್ಕೆ ಮುಖ ಮಾಡಿ ಕೂರಲಿ. ಕುಕ್ಕರು, ಮಿಕ್ಸಿ ಕೆಳಗಿನ ಕಪಾಟಿನಲ್ಲಿ, ಚಿಲಕ ಹಾಕಿ.

ಮಳೆ, ಮರಳು, ಉಪ್ಪು

ಜೂನ್‌ನಿಂದ ಸೆಪ್ಟೆಂಬರ್ ತನಕ ವ್ಯಾನ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹೋಗಲೇಬೇಕಾದರೆ ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಚಹಾಕ್ಕೂ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ, ಚಹಾ ಅಂಗಡಿಯ ಹತ್ತಿರ ನಿಂತಿದ್ದ ಗಾಡಿಗಳ ಮೇಲೆ.

ಮರಳಿಗೆ ಚಕ್ರ ಇಳಿಸಬೇಡಿ, ಒಂದು ಚಕ್ರವೂ. ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಗುತ್ತದೆ. ಚಕ್ರದ ಎದುರಿನ ಮರಳು ಬಾಚಿ, ಗಾಳಿ ಸ್ವಲ್ಪ ಇಳಿಸಿ, ತೆಂಗಿನ ಮಡಲು ಅಡ್ಡ ಹಾಕಿ ನಿಧಾನ ಹೊರಗೆ ತೆಗೆಯಬೇಕು. ಆಮೇಲೆ ಮೊದಲ ಬಂಕಿನಲ್ಲೇ ಗಾಳಿ ತುಂಬಿಸಿ.

ವಾಪಸು ಕೊಡುವ ಹಿಂದಿನ ದಿನ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಸಮುದ್ರದ ಗಾಳಿಗೆ ಅಲ್ಲಿ ಉಪ್ಪು ಕೂತಿರುತ್ತದೆ, ತುಕ್ಕು ಹಿಡಿದರೆ ನಿಮ್ಮ ತಲೆಗೇ ಕಟ್ಟುತ್ತಾರೆ. ಹಾಸಿಗೆ ಕೊಡವಿ, ಬಾಗಿಲ ಸಂದಿಯ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯಿರಿ. ಕ್ಯಾಸೆಟ್, ಎರಡೂ ಟ್ಯಾಂಕ್ ಖಾಲಿ ಮಾಡಿ, ಡೀಸೆಲ್ ಕೊಟ್ಟ ಮಟ್ಟಕ್ಕೆ ತುಂಬಿಸಿ. ಗಾಡಿ ಒಯ್ಯಲು ಬಂದವರ ಎದುರು ಮತ್ತೊಮ್ಮೆ ವಿಡಿಯೋ ಮಾಡಿ. ಡಿಪಾಸಿಟ್ ಖಾತೆಗೆ ಬಂದ ಮೇಲಷ್ಟೇ ಎರಡೂ ವಿಡಿಯೋ ಅಳಿಸಿ.